ನಾನು ಉಳಿಸಿದ ಹುಲ್ಲು

ಫೆಬ್ರವರಿ ೯, ಸೋಮವಾರ

ಪರದೆ ಎದ್ದಿತು! ಎದುರಿಗೆ ಪ್ರೇಕ್ಷಕರು ಯಾರು? ಹುಲ್ಲು! ಬಲಕ್ಕೆ ಹುಲ್ಲು, ಎಡಕ್ಕೆ ಹುಲ್ಲು, ಕಣ್ಣು ಸೋಲುವವರೆಗೆ ಒಣಗಿ ನಿಂತ ಹುಲ್ಲು! ಮೀಸೆ ಮೂಡುವ ಮೊದಲೇ ಮೀಸೆ ಅಂಟಿಸಿಕೊಂಡು ಸಿಂಹಾಸನ ಏರಿದವನು ನಾನು. ನನ್ನ ಒಂದು "ಯಾರಲ್ಲಿ!" ಕೇಳಿ ಹಿಂದಿನ ಬೆಂಚಿನಲ್ಲಿ ನಿದ್ದೆ ಹೋದವರು ಎದ್ದು ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ಅಂಥ ಕಂಠಕ್ಕೆ ಈಗ ಸಂರಕ್ಷಿತ ಹುಲ್ಲುಗಾವಲಿನಲ್ಲಿ, ನೋಡಲು ಬಂದವರಿಗೆ ದಾರಿ ತೋರಿಸುವ ಕೆಲಸ. ಹುಲ್ಲಿಗೂ ಸಂರಕ್ಷಣೆಯಂತೆ! ನಾಟಕ ಕಂಪನಿ ಮುಚ್ಚಿದ ದಿನ ನಮಗೆ ಯಾರೂ ಬೇಲಿ ಹಾಕಲು ಬರಲಿಲ್ಲ.

ಕೆಲಸ ಕೊಡಿಸಿದವರು ಭಾವ. ಇಲಾಖೆಯ ಮುಖ್ಯ ಕಚೇರಿಯಲ್ಲಿ ಗುಮಾಸ್ತರು. ಅವರ ಮನೆಯ ಹಿಂದಿನ ಕೋಣೆಯಲ್ಲೇ ನನ್ನ ಬಿಡಾರ; ಮಂಚದ ಕೆಳಗೆ ನನ್ನ ಕಿರೀಟ, ಮಂಚದ ಮೇಲೆ ನಾನು. "ಬೆಳಗ್ಗೆ ಎದ್ದು ಎಲ್ಲಾದ್ರೂ ಹೋಗ್ತಾನಲ್ಲ, ಅಷ್ಟು ಸಾಕಪ್ಪಾ" ಎಂದಳು ಅಕ್ಕ. "ಇವನು 'ಕಾಫಿ' ಅಂತ ಕೂಗಿದ್ರೆ ಪಕ್ಕದ ಮನೆಯವರು ಲೋಟ ಹಿಡ್ಕೊಂಡು ಬರ್ತಾರೆ."

ಇಲ್ಲಿನ ಅಧಿಕಾರಿ ಒಬ್ಬ ಹೆಂಗಸು. ಎಲ್ಲರೂ ಮೇಡಂ ಅನ್ನುತ್ತಾರೆ. ಹತ್ತಿ ತುರುಕಿದ ಗಂಟೆಯಂಥ ಧ್ವನಿ. ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು, ಹಲಗೆಯ ಮೇಲೆ ನಕ್ಷೆ ಬರೆದು, ನಾಳೆ ಏನೋ ಇದೆ ಎಂದು ಪಿಸುಗುಟ್ಟಿದರು. ನಮ್ಮ ಸರದಿ ಬರುವ ತನಕ ಎದುರಿನವರ ಮಾತು ಕೇಳಿಸಿಕೊಳ್ಳುವ ಕೆಟ್ಟ ಅಭ್ಯಾಸ ನಮ್ಮ ಕಂಪನಿಯಲ್ಲಿ ಯಾರಿಗೂ ಇರಲಿಲ್ಲ. ನಾನು ಮನಸ್ಸಿನಲ್ಲೇ ಸ್ವಾಗತ ಭಾಷಣ ಕಟ್ಟುತ್ತ ತಲೆ ಆಡಿಸುತ್ತಿದ್ದೆ.

"ಎಲ್ಲರಿಗೂ ಅರ್ಥ ಆಯ್ತಲ್ವಾ?"

"ಸಾಂಗವಾಗಿ!" ಎಂದೆ. ಕಿಟಕಿಯಲ್ಲಿದ್ದ ಪಾರಿವಾಳ ಹಾರಿಹೋಯಿತು.

ಫೆಬ್ರವರಿ ೧೦

ಗೆದ್ದೆ! ಗೆದ್ದೆ! ಎರಡನೇ ದಿನವೇ ಮಹಾಪ್ರಸಂಗ!

ಬೆಳಗ್ಗೆ ಕಾವಲು ಗೋಪುರ ಹತ್ತಿ ನಿಂತಿದ್ದೆ. ಕೆಳಗೆ ಹುಲ್ಲುಗಾವಲನ್ನು ಸೀಳಿಕೊಂಡು ಹೋಗುವ ಮಣ್ಣುದಾರಿ. ನೋಡುತ್ತೇನೆ: ದಾರಿಯ ಎಡಭಾಗ ಪೂರ್ತಿ ಉರಿದು ಕಪ್ಪಾಗಿದೆ! ಬಲಭಾಗಕ್ಕೆ ಆಗತಾನೇ ಕಿಡಿ ಹತ್ತುತ್ತಿದೆ! ಕಿಡಿ ಇಡುತ್ತಿರುವವರು ಯಾರು? ಕೈಯಲ್ಲಿ ಪಂಜು ಹಿಡಿದು ಸಾಕ್ಷಾತ್ ಮೇಡಂ! ಸುತ್ತ ಒದ್ದೆ ಗೋಣಿಚೀಲ ಹಿಡಿದ ಕೆಲಸದವರು, ಮದುವೆಗೆ ಬಂದವರ ಹಾಗೆ ಆರಾಮಾಗಿ ನಿಂತಿದ್ದಾರೆ!

ಹೊಕ್ಕುಳಿಂದ ಎಳೆದು ಬಿಟ್ಟೆ: "ಬೆಂಕಿ! ಬೆಂಕಿ! ದ್ರೋಹ!" ಅಗ್ನಿಶಾಮಕದವರಿಗೆ ಫೋನು ಹಚ್ಚಿದೆ. ಫೋನಿನ ಅಗತ್ಯವೇ ಇರಲಿಲ್ಲ, ಕಿಟಕಿ ತೆಗೆದಿದ್ದರೆ ನೇರವಾಗಿಯೇ ಕೇಳಿಸುತ್ತಿತ್ತು. ಗಂಟೆ ಬಾರಿಸುತ್ತ ಬಂದ ಕೆಂಪು ಗಾಡಿ ಬಲಭಾಗವನ್ನು ತೊಯ್ದು ತೊಪ್ಪೆ ಮಾಡಿತು. ಹಿಂದೆಯೇ ಬೈಕಿನಲ್ಲಿ ಪತ್ರಿಕೆಯ ವರದಿಗಾರ. ನಾನು ಗೋಪುರದ ಮೆಟ್ಟಿಲು ಇಳಿದ ರೀತಿ ಅವನಿಗೆ ಬಹಳ ಹಿಡಿಸಿ, ಇನ್ನೊಮ್ಮೆ ಹತ್ತಿ ಇಳಿಯಿರಿ ಎಂದ. ಇಳಿದೆ.

ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಮೇಡಂ ಹತ್ತಿರ ಬಂದರು. "ನಿನ್ನೆ ಹೇಳಿದ್ದೆನಲ್ಲ..." ಎಂದಷ್ಟೇ ಹೇಳಿ ಹೊರಟುಹೋದರು. ಹೇಳಿದ್ದರೆ ಕೇಳಿಸುವ ಹಾಗೆ ಹೇಳಬೇಕಪ್ಪ!

ಫೆಬ್ರವರಿ ೧೨

ಮೊದಲ ಪುಟ! "ಹುಲ್ಲುಗಾವಲು ಉಳಿಸಿದ ಕಂಚಿನ ಕಂಠ." ಕೆಳಗೆ ಸಣ್ಣಗೆ: "ಕಾಯಬೇಕಾದ ಅಧಿಕಾರಿಯಿಂದಲೇ ಬೆಂಕಿ." ಫೋಟೋದಲ್ಲಿ ಎಡಗೆನ್ನೆ ಬಂದಿದೆ, ನನಗೆ ಬಲಗೆನ್ನೆ ಒಪ್ಪುತ್ತದೆ. ಇರಲಿ.

ಅಕ್ಕ ಪತ್ರಿಕೆಯನ್ನು ಕನ್ನಡಕ ಹಾಕಿ ಓದಿದಳು, ತೆಗೆದು ಓದಿದಳು. "ಅಲ್ವೋ, ಅಷ್ಟು ಜನ ಗೋಣಿಚೀಲ ನೆನೆಸಿ ಇಟ್ಕೊಂಡು ನಿಂತಿದ್ರಲ್ಲ, ಯಾಕೆ ಅಂತ ಒಬ್ಬರನ್ನಾದ್ರೂ ಕೇಳಿದ್ಯಾ?"

ಹೆಂಗಸರಿಗೆ ವೀರರಸ ಅರ್ಥವಾಗುವುದಿಲ್ಲ.

ಫೆಬ್ರವರಿ ೨೦

ಮೇಡಂ ಮೇಲೆ ವಿಚಾರಣೆ! ನಾನೇ ಮುಖ್ಯ ಸಾಕ್ಷಿ! ಭಾವ ಊಟಕ್ಕೆ ಕೂತಾಗ ಗುಟ್ಟು ಬಿಚ್ಚಿದರು. "ನೋಡು, ಸಮಿತಿ ಬರುತ್ತೆ. ನೀನು ಕಂಡಿದ್ದನ್ನ ಗಟ್ಟಿಯಾಗಿ ಹೇಳಿಬಿಡು. ಆಕೆಯನ್ನ ಕೆಲಸದಿಂದಲೇ ತೆಗೀತಾರೆ. ನಿನ್ನನ್ನ ಕಾಯಂ ಮಾಡ್ತಾರೆ. ಪೆನ್ಷನ್ ಬರುತ್ತೆ ಕಣಯ್ಯಾ, ಪೆನ್ಷನ್!"

"ಯಾವಾಗ ಬರುತ್ತೆ ಸಮಿತಿ?"

"ಹೂವಿನ ಕಾಲಕ್ಕೆ. ಈಗ ಬಂದ್ರೆ ನೋಡೋಕೆ ಏನಿದೆ? ಅಧ್ಯಕ್ಷರ ಮನೆಯವರೂ ಬರಬೇಕು ಅಂತಿದಾರೆ."

ಬೆಂಕಿ ಬಿದ್ದದ್ದು ಚಳಿ ಮುಗಿಯುವಾಗ, ವಿಚಾರಣೆ ಹೂ ಬಿಡುವಾಗ. ನ್ಯಾಯದೇವತೆಗೂ ಪ್ರವಾಸದ ಆಸೆ.

ಮಧ್ಯಾಹ್ನ ಮೇಡಂ ನನ್ನನ್ನು ಕರೆದು, ಬೈಯದೆ, ಪಾಠ ಹೇಳಿದರು. ಹಳೇ ಒಣಹುಲ್ಲು ನೆಲಕ್ಕೆ ಚಾಪೆಯ ಹಾಗೆ ಹಾಸಿಕೊಂಡಿರುತ್ತದಂತೆ. ಬಿಸಿಲು ಬೀಜದವರೆಗೆ ಇಳಿಯುವುದಿಲ್ಲವಂತೆ. ಹಕ್ಕಿಗಳು ಗೂಡು ಕಟ್ಟುವ ಮೊದಲು ಕೆಲವು ವರ್ಷಕ್ಕೊಮ್ಮೆ ಕಾವಲಿಟ್ಟು ಸುಟ್ಟರೆ ಹೂ ಬರುತ್ತದಂತೆ. ಇಷ್ಟನ್ನೂ ಬರೆದು ಮೇಲೆ ಕಳಿಸಿದ್ದಾರಂತೆ; ಬಹಳ ಉದ್ದವಿದೆ ಎಂದು ಯಾರೂ ಓದಿಲ್ಲವಂತೆ. ಸುಟ್ಟರೆ ಹೂ ಬರುವುದಾದರೆ ನಮ್ಮ ಕಂಪನಿಯ ಡೇರೆ ಸುಟ್ಟಾಗ ಏಕೆ ಬರಲಿಲ್ಲ? ಕೇಳಿಯೇ ಬಿಟ್ಟೆ. ಮೇಡಂ ನಕ್ಕರು. ನಗು ಮಾತ್ರ ಕೇಳಿಸುವಷ್ಟು ಜೋರಿದೆ.

ಏಪ್ರಿಲ್ ೨

ಸೆಕೆ. ಹುಲ್ಲು. ಒಂದು ಮೊಲ ಬಂದು ನನ್ನನ್ನು ನೋಡಿಕೊಂಡು ಹೋಯಿತು. ಟಿಕೆಟ್ ತೆಗೆದಿರಲಿಲ್ಲ.

ಜೂನ್ ೨೧

ಮಳೆ ಹಿಡಿದು ಎರಡು ವಾರ. ಎಡಗಡೆ ಕಪ್ಪು ನೆಲದ ತುಂಬ ಹಸಿರು ಮೊಳಕೆ, ಬೋಳಿಸಿದ ತಲೆಯಲ್ಲಿ ಕೂದಲು ಚಿಗುರಿದ ಹಾಗೆ. ಬಲಗಡೆ, ಅಂದರೆ ನಾನು ಉಳಿಸಿದ ಕಡೆ, ಹಳೇ ಹುಲ್ಲು ನೆನೆದು ಮಲಗಿದೆ. ವಯಸ್ಸಾದವರು ಏಳುವುದು ಸ್ವಲ್ಪ ತಡ.

ಇವತ್ತು ಒಂದು ಬಸ್ಸು ಜನ ಬಂದಿದ್ದರು. "ಆಗಮಿಸಿದ ಮಹನೀಯರೇ! ಮಹಿಳೆಯರೇ! ಇಗೋ ತೃಣಸಾಮ್ರಾಜ್ಯ!" ಎಂದು ತೆಗೆದೆ ನೋಡಿ! ಒಂದು ನರಿ ಎಲ್ಲಿಂದಲೋ ಎದ್ದು ಎಲ್ಲಿಗೋ ಓಡಿತು. ಆಮೇಲೆ ಒಂದು ಮಿಡತೆ ಸಹ ಕಾಣಲಿಲ್ಲ.

"ಸಿಂಹ ಇಲ್ವಾ?" ಎಂದ ಒಬ್ಬ.

"ನಾನಿದ್ದೇನೆ!" ಎಂದೆ. ಯಾರೂ ನಗಲಿಲ್ಲ.

"ದುಡ್ಡು ವಾಪಸ್ ಕೊಡ್ತೀರಾ?" ಎಂದಳು ಅವನ ಹೆಂಡತಿ.

ಜುಲೈ ೧೪

ಇಂದು ಒಬ್ಬ ನಟಿಯನ್ನು ಕಂಡೆ.

ಎಡಭಾಗದಲ್ಲಿ ನಡೆಯುತ್ತಿದ್ದೆ. ಕಾಲ ಬುಡದಿಂದ ಒಂದು ನೆಲಗುಬ್ಬಿ ಎದ್ದು, ಪುಸಕ್ಕನೆ ಬಿದ್ದು, ರೆಕ್ಕೆ ಎಳೆಯುತ್ತ ಕುಂಟತೊಡಗಿತು. ಅಯ್ಯೋ ಮುರಿಯಿತಲ್ಲ ಎಂದು ಹಿಂದೆ ಹೋದೆ. ಅದು ಮುಂದೆ, ನಾನು ಹಿಂದೆ. ಬಹಳ ದೂರ ಎಳೆದುಕೊಂಡು ಹೋಗಿ, ಇದ್ದಕ್ಕಿದ್ದ ಹಾಗೆ ಎರಡೂ ರೆಕ್ಕೆ ಬಿಚ್ಚಿ ಹಾರಿತು! ನನ್ನ ಮುಖ ನೋಡಬೇಕಿತ್ತು.

ಮೇಡಂ ಹೇಳಿದರು: ನೆಲದ ಮೇಲೆ ಅದರ ಗೂಡಿದೆ, ಶತ್ರುವನ್ನು ದೂರ ಒಯ್ಯಲು ಈ ವೇಷ. ಭಲೆ! ಮಾತಿಲ್ಲ, ಹಾಡಿಲ್ಲ, ಬಣ್ಣವಿಲ್ಲ. ಆ ಕುಂಟಿನಲ್ಲಿ ಎಂಥ ಸಂಯಮ! ನಾನು ಕುಂಟಿದ್ದರೆ "ಅಮ್ಮಾ!" ಎಂದು ಮೂರು ಸಲ ಕೂಗುತ್ತಿದ್ದೆ. ಅವಳ ಆಟ ಪೂರ್ತಿ ನೋಡಲು ನಾಳೆ ಸ್ವಲ್ಪ ಮೆಲ್ಲಗೆ ಹೋಗಬೇಕು.

ಜುಲೈ ೨೯

ಗೂಡಿನಲ್ಲಿ ಮರಿ. ಹೊಟ್ಟೆಯ ಮೇಲೆ ಮಲಗಿ ನೋಡಿದೆ. ರಾಜನಾಗಿದ್ದವನು ಮಲಗಿದ್ದು ಯುದ್ಧಕ್ಕಲ್ಲ, ಹಕ್ಕಿಮರಿಗೆ. ಯಾರಿಗೂ ಹೇಳುವ ಹಾಗಿಲ್ಲ.

ಆಗಸ್ಟ್ ೧೬, ಭಾನುವಾರ

ಹೂವು ಬಂದಿವೆ. ಎಡಕ್ಕೆ. ಉಗುರಿನಷ್ಟು ನೇರಳೆ, ಸಾಸಿವೆಯಷ್ಟು ಹಳದಿ, ನಡುವೆ ಯಾರೋ ನೀಲಿ ಕುಂಚ ಕೊಡವಿದ ಹಾಗೆ. ನಿಂತರೆ ಬರೀ ಬಣ್ಣ, ಮಂಡಿಯೂರಿದರೆ ಒಂದೊಂದಕ್ಕೂ ಮುಖ. ಹಳದಿಯ ಗಂಟಲೊಳಗೆ ಕೆಂಪು ಚುಕ್ಕೆ. ಬಣ್ಣದ ಕೋಣೆಯಲ್ಲಿ ಯಾರೂ ಇಷ್ಟು ಹುಷಾರಾಗಿ ಬಣ್ಣ ಹಚ್ಚಿರಲಿಲ್ಲ.

ಬಲಕ್ಕೆ ಏನೂ ಇಲ್ಲ. ಅದೇ ಬೂದು ಚಾಪೆ.

ಜನ ಮಾತ್ರ ಜಾತ್ರೆ. "ಫೋಟೋದಲ್ಲಿ ದೊಡ್ಡದಾಗಿತ್ತಲ್ಲ?" ಎನ್ನುವವರು, ಹೂವು ಉಳಿಸಿ ಎಂದು ಬರೆದ ಅಂಗಿ ತೊಟ್ಟು ಹೂವಿನ ಮೇಲೇ ಮಲಗಿ ಚಿತ್ರ ತೆಗೆಸಿಕೊಳ್ಳುವವರು. ಎಡಭಾಗದಲ್ಲಿ ಬೆಂಕಿಯಲ್ಲಿ ಬೆಂದ ಹಳೇ ಬೇಲಿಕಂಬ ಒಂದು ಅಡ್ಡ ಬಿದ್ದಿದೆ. ಹೂವಿನ ಮರೆಯಲ್ಲಿ ಬೆಂಚಿನಂತೆ ಕಾಣುತ್ತದೆ. ಎಷ್ಟು ಮಳೆ ಸುರಿದರೂ ಅದರ ಮಸಿ ಹೋಗಿಲ್ಲ. ಬಿಳಿ ಬಟ್ಟೆಯವರು ಹುಡುಕಿಕೊಂಡು ಹೋಗಿ ಅದರ ಮೇಲೇ ಕೂರುತ್ತಾರೆ. ಎದ್ದು ಹೋಗುವಾಗ ಹಿಂದಿನಿಂದ ನೋಡುವುದೇ ನನ್ನ ಈಗಿನ ಮನರಂಜನೆ.

ಒಬ್ಬ ಮುದುಕಿ ಪತ್ರಿಕೆಯ ತುಂಡು ಹಿಡಿದು ಬಂದಿದ್ದಳು. "ನೀನು ಉಳಿಸಿದ ಜಾಗ ತೋರಿಸಪ್ಪಾ, ಕಣ್ತುಂಬ ನೋಡ್ತೀನಿ." ಅವಳನ್ನು ಎಡಕ್ಕೆ ಕರೆದುಕೊಂಡು ಹೋದೆ. ಹೂವು ನೋಡಿ ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದಳು.

ಊಟ ಸೇರಲಿಲ್ಲ. ಅಕ್ಕ "ಏನಾಯ್ತೋ?" ಎಂದಳು, ಹೇಳಿದೆ. "ಏನು ಗೊಣಗ್ತೀಯಾ, ಬಿಡಿಸಿ ಹೇಳು" ಎಂದಳು. ಅಕ್ಕನಿಗೆ ವಯಸ್ಸಾಯಿತು.

ಆಗಸ್ಟ್ ೩೦

ಸಮಿತಿ ಮುಂದಿನ ಮಂಗಳವಾರ ಬಿಟ್ಟು ಅದರಾಚೆ ಮಂಗಳವಾರ. ಭಾವ ನನ್ನ ಮಾತುಗಳನ್ನು ಬರೆದೇ ತಂದಿದ್ದಾರೆ. "ಪಂಜು ಹಿಡಿದು ಅಟ್ಟಹಾಸ ಮಾಡುತ್ತಿದ್ದರು" ಎಂದು ಸೇರಿಸಿದ್ದಾರೆ. ಮೇಡಂ ಮತ್ತು ಅಟ್ಟಹಾಸ! ಪಾತ್ರಕ್ಕೆ ಒಪ್ಪುವುದಿಲ್ಲ ಎಂದೆ.

"ನಿನಗೆ ಪಾತ್ರ ಬೇಕಾ, ಪೆನ್ಷನ್ ಬೇಕಾ?"

ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಏನೂ ಹೇಳದೆ ಇದ್ದದ್ದು ನನ್ನ ನೆನಪಿನಲ್ಲಿ ಇದೇ ಮೊದಲು.

ಮೇಡಂ ಕಚೇರಿಯ ಗೋಡೆಯಲ್ಲಿದ್ದ ತಮ್ಮ ಹೂವಿನ ಚಿತ್ರಗಳನ್ನು ಇಳಿಸಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಮೊಳೆ ತೆಗೆಯಲು ನಾನು ಕೈ ಕೊಟ್ಟೆ. "ನಾನೇನು ಹೇಳಲಿ ಮೇಡಂ?" ಎಂದೆ.

"ನೀವು ಕಂಡಿದ್ದು ಹೇಳಿ. ನನಗೋಸ್ಕರ ಏನೂ ಸೇರಿಸಬೇಡಿ."

ಇಷ್ಟು ವರ್ಷದಲ್ಲಿ ಮಾತು ಬರೆದುಕೊಡದೆ ನನ್ನನ್ನು ರಂಗಕ್ಕೆ ತಳ್ಳಿದವರು ಇವರೊಬ್ಬರೇ.

ಸೆಪ್ಟೆಂಬರ್ ೫

ನನ್ನ ಉಪಾಯ: ಮಾತೇ ಆಡುವುದಿಲ್ಲ. ಎಡ ತೋರಿಸುತ್ತೇನೆ, ಬಲ ತೋರಿಸುತ್ತೇನೆ. ಕಣ್ಣಿದ್ದವರು ನೋಡಿಕೊಳ್ಳಲಿ. ಮೇಡಂ ಉಳಿಯುತ್ತಾರೆ, ನಾನು ಯಾರಿಗೂ ಕೆಟ್ಟವನಲ್ಲ, ಪೆನ್ಷನ್ನೂ ಬಂದರೆ ಬರಲಿ. ಮೌನದ ಮಹಾಪ್ರಯೋಗ!

ಸೆಪ್ಟೆಂಬರ್ ೮, ಮಂಗಳವಾರ

ಎಲ್ಲವನ್ನೂ ಬರೆಯಬೇಕು.

ಮೂರು ಕಾರು. ಸಮಿತಿಯಷ್ಟೇ ಅಲ್ಲ, ಸಮಿತಿಯ ಅತ್ತೆ, ಸಮಿತಿಯ ನಾದಿನಿ, ಸಮಿತಿಯ ನಾಯಿ. ಅಧ್ಯಕ್ಷರು ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಬೂಟು. ದೊಡ್ಡ ಬಾತುಕೋಳಿಯ ಹಾಗೆ ಇಳಿದರು. ಹಿಂದೆ ಇಬ್ಬರು ಮರದ ಬೋರ್ಡು ಹೊತ್ತಿದ್ದರು: "ಕಂಚಿನ ಕಂಠದ ಜಾಗೃತ ನೌಕರನಿಂದ ಉಳಿದ ಭೂಮಿ." ವರದಿಗಾರನೂ ಬಂದಿದ್ದ. ಆರೋಪಿಗೆ ಮಾತಿಲ್ಲವೆಂದು ಮೇಡಂ ಅವರನ್ನು ಗೇಟಿನ ಹತ್ತಿರವೇ ನಿಲ್ಲಿಸಿದ್ದರು.

ನಾನು ಪ್ರತಿಜ್ಞೆಯಂತೆ ಬಾಯಿ ಮುಚ್ಚಿ ಎಡಕ್ಕೆ ಕೈ ತೋರಿಸಿದೆ. ಬಲಕ್ಕೆ ಕೈ ತೋರಿಸಿದೆ.

ಅಧ್ಯಕ್ಷರು ಎಡಕ್ಕೆ ನೋಡಿ ಬಾಯಿ ಬಿಟ್ಟರು. ಬಲಕ್ಕೆ ನೋಡಿ ಮೂಗು ಮುಚ್ಚಿದರು. "ಆಹಾ! ನೋಡ್ರಿ ಎಲ್ಲರೂ! ಬೆಂಕಿ ಬಿದ್ದ ಕಡೆ ಮಸಣ. ಈ ಪುಣ್ಯಾತ್ಮ ಉಳಿಸಿದ ಕಡೆ ನಂದನವನ! ಇದಕ್ಕಿಂತ ಸಾಕ್ಷಿ ಬೇಕಾ? ಬೋರ್ಡು ಈ ಹೂವಿನ ಮಧ್ಯೆ ನೆಡಿ. ಆಯಮ್ಮನ್ನ ಕೆಲಸದಿಂದ ತೆಗೆಯೋ ಕಾಗದ ಇವತ್ತೇ ತಯಾರಾಗ್ಲಿ!"

ಚಪ್ಪಾಳೆ. ಎಷ್ಟು ವರ್ಷವಾಗಿತ್ತು ಚಪ್ಪಾಳೆ ಕೇಳಿ! ಸುಳ್ಳು ಬರೆಯುವುದೇಕೆ, ಒಂದು ಗಳಿಗೆ ಕಣ್ಣು ಮುಚ್ಚಿ ಕುಡಿದೆ. ನನ್ನ ಮೌನದ ಮಹಾಪ್ರಯೋಗ ಮೇಡಂ ಅವರ ಕತ್ತಿಗೆ ಹಗ್ಗ ಹಾಕಿ ಮುಗಿಸಿತ್ತು.

"ಅಲ್ಲ ಸಾರ್" ಎಂದೆ. ಯಾರಿಗೂ ಕೇಳಿಸಲಿಲ್ಲ. "ಅದು ಹಾಗಲ್ಲ ಸಾರ್." ನಾಯಿ ಮಾತ್ರ ನನ್ನ ಕಡೆ ತಿರುಗಿತು. ಹೊಕ್ಕುಳಿಂದ ಎಳೆಯಬಹುದಿತ್ತು. ಆದರೆ ನಾಲ್ಕು ಹೆಜ್ಜೆ ಆಚೆ ನೆಲಗುಬ್ಬಿ ಎರಡನೇ ಸಲ ಮೊಟ್ಟೆಯಿಟ್ಟು ಕೂತಿತ್ತು. ಗುಡುಗುವ ಹಾಗಿರಲಿಲ್ಲ. ಬೋರ್ಡು ನೆಡುವವರು ಹಾರೆ ಹಿಡಿದು ಅತ್ತಲೇ ಹೊರಟಿದ್ದರು.

ಆಗ ನನ್ನ ಕಾಲು ಉಳುಕಿತು.

ಅಂದರೆ, ಉಳುಕಿಸಿದೆ. ಒಂದು ಭುಜ ಇಳಿಸಿ, ಹಿಮ್ಮಡಿ ಎಳೆದು, ಗೂಡಿಗೆ ಬೆನ್ನು ಹಾಕಿ ಕುಂಟತೊಡಗಿದೆ. ಒಂದೇ ಒಂದು "ಅಮ್ಮಾ" ಇಲ್ಲ. ಇಡೀ ಸಮಿತಿ ಹಿಂದೆ ಬಂತು. "ಏನಾಯ್ತು? ಹಿಡ್ಕೊಳ್ರಿ ಅವರನ್ನ!" ನಾನು ಮುಂದೆ, ಅಧ್ಯಕ್ಷರು ಹಿಂದೆ, ಅವರ ಹಿಂದೆ ಬೋರ್ಡು. ಬೆಂದ ಬೇಲಿಕಂಬದ ಹತ್ತಿರ ಬಂದು ಕುಸಿದು ಕೂತೆ.

"ನೀವೂ ಕೂತ್ಕೊಳ್ಳಿ ಸಾರ್. ಹೂವಿನ ನಡುವೆ ಫೋಟೋ ಚೆನ್ನಾಗಿ ಬರುತ್ತೆ."

ಫೋಟೋ ಎಂದರೆ ಸಾಕು. ಅಧ್ಯಕ್ಷರು ಕೂತರು. ಒತ್ತಿ, ಹೊರಳಿ, ಎರಡು ಕೋನದಲ್ಲಿ ಕೂತರು. ಆಮೇಲೆ ಎದ್ದರು. ತಿರುಗಿದರು.

ಸಮಿತಿಯ ನಾದಿನಿ ಮೊದಲು ನಕ್ಕಳು.

"ಏನ್ರೀ ಇದು?" ಅಧ್ಯಕ್ಷರು ಹಿಂದೆ ಸವರಿಕೊಂಡ ಕೈ ನೋಡಿಕೊಂಡರು. ಕಡುಗಪ್ಪು.

"ಮಸಿ ಸಾರ್."

"ಇಲ್ಲಿ ಮಸಿ ಎಲ್ಲಿಂದ ಬಂತು?"

ಎಲ್ಲರೂ ನಗು ತಡೆದುಕೊಂಡು ಉಸಿರು ಕಟ್ಟಿದ್ದರು. ಅಂಥ ನಿಶ್ಶಬ್ದ ನನಗೆ ಯಾವ ಥಿಯೇಟರಿನಲ್ಲೂ ಸಿಕ್ಕಿರಲಿಲ್ಲ. ಪಿಸುಮಾತೇ ಸಾಕಾಯಿತು.

"ಫೆಬ್ರವರಿ ಬೆಂಕಿಯಿಂದ ಸಾರ್. ಸುಟ್ಟಿದ್ದು ಇದು. ನಾನು ಉಳಿಸಿದ್ದು ಅದು." ಬಲಕ್ಕೆ ತೋರಿಸಿದೆ. "ಸುಡೋದು ಯಾಕೆ ಅಂತ ಮೇಡಂ ಹಿಂದಿನ ದಿನವೇ ಹೇಳಿದ್ರು. ನಾನು ಕೇಳಿಸ್ಕೊಂಡಿರಲಿಲ್ಲ."

"ಹಾಗಾದ್ರೆ ನೀವು ಉಳಿಸಿದ್ದೇನ್ರೀ?"

"ಒಣಹುಲ್ಲು ಸಾರ್."

ವರದಿಗಾರ ಫೋಟೋ ತೆಗೆದ. ಅಧ್ಯಕ್ಷರ ಮುಖದ್ದಲ್ಲ. ಆ ಚಿತ್ರ ಅವನ ಕೈಯಲ್ಲಿ ಇರುವವರೆಗೆ ಮೇಡಂ ಅವರ ಕಾಗದ ತಯಾರಾಗುವುದಿಲ್ಲ ಎಂದು ಅಧ್ಯಕ್ಷರಿಗೂ ಹೊಳೆದಂತಿತ್ತು. ಕಾರಿಗೆ ಹತ್ತುವ ಮೊದಲು ಸೀಟಿಗೆ ಪತ್ರಿಕೆ ಹಾಸಿಸಿಕೊಂಡು, ಬೋರ್ಡಿನವರಿಗೆ ಕೂಗಿದರು: "ಬರೆಸಿದ್ದಾಗಿದೆ, ನೆಡಲೇಬೇಕು! ಅವನು ಎಲ್ಲಿ ಉಳಿಸಿದನೋ ಅಲ್ಲೇ ನೆಟ್ಟು ಬನ್ನಿ!"

ನೆಟ್ಟರು. ಬೂದು ಚಾಪೆಯ ನಟ್ಟನಡುವೆ.

ಗೇಟಿನ ಹತ್ತಿರ ಮೇಡಂ "ಕಾಲಿಗೆ ಏನಾಯ್ತು?" ಎಂದರು. ನಾನು ಇನ್ನೂ ಕುಂಟುತ್ತಿದ್ದೆ. ಪಾತ್ರ ಬಿಟ್ಟಿರಲಿಲ್ಲ.

ಸೆಪ್ಟೆಂಬರ್ ೯

ಭಾವ ಮಾತು ಬಿಟ್ಟಿದ್ದಾರೆ. ಅಕ್ಕ ನನ್ನ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದಳು.

ಅಕ್ಟೋಬರ್ ೨೭

ಸಮಿತಿಯ ವರದಿ ಬಂತು. "ಬೆಂಕಿಗೂ ಹೂವಿಗೂ ಸಂಬಂಧ ಇರಬಹುದು, ಇಲ್ಲದೆಯೂ ಇರಬಹುದು." ಮೇಡಂ ಉಳಿದರು. ಮುಂದಿನ ವರ್ಷ ಬಲಭಾಗ ಸುಡಲು ಅನುಮತಿಯೂ ಬಂದಿದೆ. ನನ್ನ ಬಗ್ಗೆ ಒಂದೇ ಸಾಲು: "ನಂಬಲರ್ಹನಲ್ಲದ ಸಾಕ್ಷಿ, ಕಾಯಂಗೆ ಪರಿಗಣಿಸತಕ್ಕದ್ದಲ್ಲ." ದಿನಗೂಲಿಯ ಮೇಲೆ ಬಂದರೆ ಬರಬಹುದಂತೆ.

ಹೂವೆಲ್ಲ ಬೀಜವಾಗಿವೆ. ಕಂದು. ಮೇಡಂ ಅವರ ಚಿತ್ರಗಳಿಗೆ ಮತ್ತೆ ಮೊಳೆ ಹೊಡೆದುಕೊಟ್ಟೆ. ನಾಳೆ ದಿನಗೂಲಿಗೇ ಹೋಗುತ್ತೇನೆ.

ಫೆಬ್ರವರಿ ೧೬

ಇವತ್ತು ಬಲಭಾಗ ಸುಟ್ಟೆವು. ನಿನ್ನೆಯ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದೆ. ಗಾಳಿ ಯಾವ ಕಡೆ, ಯಾರು ಎಲ್ಲಿ, ಎಲ್ಲ ಕೇಳಿಸಿಕೊಂಡೆ.

ಬೋರ್ಡು ಇನ್ನೂ ಅಲ್ಲೇ ಇತ್ತು. "ಮೇಡಂ, ಇದನ್ನ ಕಿತ್ತಿಡೋಣ್ವಾ?" ಎಂದೆ.

"ಬೋರ್ಡು ಕೀಳೋಕೆ ಮೇಲಿನಿಂದ ಆದೇಶ ಬೇಕು" ಎಂದರು ಮೇಡಂ. "ಸುಡೋಕೆ ಆದೇಶ ಬಂದಿದೆ." ಪಂಜು ನನ್ನ ಕೈಗೆ ಕೊಟ್ಟರು.

ಮೊದಲು "ಉಳಿದ ಭೂಮಿ" ಹೋಯಿತು. "ಕಂಚಿನ ಕಂಠ" ಸ್ವಲ್ಪ ಹೊತ್ತು ನಿಂತಿತ್ತು, ಬಣ್ಣ ದಪ್ಪಗಿತ್ತೇನೋ.

ಅಷ್ಟರಲ್ಲಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಒಬ್ಬ ದಪ್ಪನೆಯ ಮನುಷ್ಯ ಬೇಲಿಯ ಹತ್ತಿರ ಓಡಿ ಬಂದ. "ಬೆಂಕಿ! ಬೆಂಕಿ! ಯಾರೂ ಇಲ್ವೇನ್ರೀ!" ಕಂಠ ಪರವಾಗಿಲ್ಲ. ಅಭಿನಯ ಸ್ವಲ್ಪ ಅತಿ. ಹತ್ತಿರ ಹೋಗಿ ತುಟಿಯ ಮೇಲೆ ಬೆರಳಿಟ್ಟೆ. "ಮೆಲ್ಲಗೆ ಸ್ವಾಮಿ. ಎಡಗಡೆ ಮೊಲ ಇದೆ." ಅವನು ಬಾಯಿ ಮುಚ್ಚಿ ನೋಡತೊಡಗಿದ.

ಮನೆಗೆ ಬಂದು ಕಾಫಿ ಕೇಳಿದೆ. ಅಕ್ಕ ತಿರುಗಲೇ ಇಲ್ಲ. ಮತ್ತೆ ಕೇಳಿದೆ. ಮೂರನೇ ಸಲಕ್ಕೆ, "ನೀನು ಯಾವಾಗ ಬಂದ್ಯೋ? ಗೊತ್ತೇ ಆಗ್ಲಿಲ್ಲ!" ಎಂದಳು.

ಪಾಪ, ದಿನದಿಂದ ದಿನಕ್ಕೆ ಹೆಚ್ಚುತ್ತಿದೆ. ಈ ಭಾನುವಾರ ಅಕ್ಕನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.